ತೇಲುವುದನ್ನು ಬಿಟ್ಟು ಅಂಟಿಕೊಳ್ಳುವ ಕೋಶ

ನಮ್ಮ ರಕ್ತದ ಬಿಳಿ ಕಣಗಳಲ್ಲಿ ನೂರಕ್ಕೆ 2ರಿಂದ 8ರಷ್ಟು ಮಾನೊಸೈಟ್‌ಗಳು. ಅಲಸಂದೆ ಕಾಳಿನಂತೆ ಒಂದು ಕಡೆ ತಗ್ಗಿದ ಕೋಶಕೇಂದ್ರದಿಂದ ಇವುಗಳ ಗುರುತು ಸಿಗುತ್ತದೆ. ಮೂಳೆಯ ಮಜ್ಜೆಯಲ್ಲಿ ಹುಟ್ಟುತ್ತವೆ, ರಕ್ತದಲ್ಲಿ ಕೆಲವೇ ದಿನ ಸುತ್ತುತ್ತವೆ. ಎಲ್ಲಾದರೂ ಗಾಯವೋ ಸೋಂಕೋ ಆದರೆ ರಕ್ತನಾಳದ ಗೋಡೆಯ ಸಂದಿಯಲ್ಲಿ ನುಸುಳಿ ಹೊರಬರುತ್ತವೆ. ಅಲ್ಲಿ ದೊಡ್ಡದಾಗಿ ಬೆಳೆದು, ರೋಗಾಣುಗಳನ್ನೂ ಸತ್ತ ಕೋಶಗಳನ್ನೂ ನುಂಗುವ ಮ್ಯಾಕ್ರೋಫೇಜ್ ಆಗುತ್ತವೆ.

ದೇಹದೊಳಗೆ ನಡೆಯುವ ಈ ಬದಲಾವಣೆಯನ್ನು ಕಣ್ಣಾರೆ ನೋಡುವುದು ಕಷ್ಟ. ಹಾಗಾಗಿ ಅದನ್ನು ಪ್ಲಾಸ್ಟಿಕ್ ತಟ್ಟೆಯಲ್ಲೇ ನಡೆಸುತ್ತಾರೆ.

ಮೊದಲು ದಾನಿಯ ರಕ್ತವನ್ನು ಫೈಕಾಲ್ ಎಂಬ ಮಂದ ದ್ರವದ ಮೇಲೆ ಮೆಲ್ಲಗೆ ಸುರಿಯುತ್ತಾರೆ. ಎರಡೂ ಬೆರೆಯಬಾರದು. ಸೆಂಟ್ರಿಫ್ಯೂಜಿನಲ್ಲಿ ಸುಮಾರು ಅರ್ಧ ಗಂಟೆ ತಿರುಗಿಸಿದರೆ ಕೆಂಪು ಕಣಗಳು ತಳ ಸೇರುತ್ತವೆ, ಹಳದಿ ಪ್ಲಾಸ್ಮಾ ಮೇಲೆ ನಿಲ್ಲುತ್ತದೆ, ನಡುವೆ ಕೆನೆಯಂಥ ತೆಳುವಾದ ಬಿಳಿ ಪದರ ಕಾಣುತ್ತದೆ. ನಮಗೆ ಬೇಕಾದದ್ದು ಅದೇ. ಯಂತ್ರವನ್ನು ಬ್ರೇಕ್ ಹಾಕದೆ ತಾನಾಗಿ ನಿಲ್ಲಲು ಬಿಡಬೇಕು, ಇಲ್ಲದಿದ್ದರೆ ಪದರ ಕದಡಿಹೋಗುತ್ತದೆ.

ಆ ಪದರದಲ್ಲಿ ಲಿಂಫೋಸೈಟ್ ಎಂಬ ಇನ್ನೊಂದು ಬಗೆಯ ಬಿಳಿ ಕಣಗಳೇ ಜಾಸ್ತಿ. ಬೇರ್ಪಡಿಸುವುದಕ್ಕೆ ಒಂದು ಹಳೆಯ, ಚೆಂದದ ಉಪಾಯವಿದೆ. ಎಲ್ಲವನ್ನೂ ತಟ್ಟೆಗೆ ಹಾಕಿ ಒಂದೆರಡು ಗಂಟೆ ಸುಮ್ನೆ ಬಿಡುತ್ತಾರೆ. ಮಾನೊಸೈಟ್‌ಗಳು ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತವೆ, ಲಿಂಫೋಸೈಟ್‌ಗಳು ತೇಲುತ್ತಲೇ ಇರುತ್ತವೆ. ತೊಳೆದರೆ ತೇಲುವವು ಹೋಗುತ್ತವೆ. ಇನ್ನಷ್ಟು ಶುದ್ಧವಾಗಿ ಬೇಕೆನ್ನುವವರು ಮಾನೊಸೈಟ್‌ನ ಮೈಮೇಲಿರುವ ಸಿಡಿ14 ಎಂಬ ಪ್ರೋಟೀನಿಗೆ ಕಚ್ಚಿಕೊಳ್ಳುವ ಪುಟ್ಟ ಆಯಸ್ಕಾಂತದ ಮಣಿಗಳನ್ನು ಬಳಸುತ್ತಾರೆ.

ಆಮೇಲೆ ಪೋಷಕ ದ್ರವಕ್ಕೆ ಎಂ-ಸಿಎಸ್‌ಎಫ್ ಎಂಬ ಪ್ರೋಟೀನನ್ನು ಬೆರೆಸುತ್ತಾರೆ. ಒಂದು ಮಿಲಿಲೀಟರಿಗೆ ಸುಮಾರು 50 ನ್ಯಾನೋಗ್ರಾಂ ಸಾಕು. ನಮ್ಮ ದೇಹವೇ ತಯಾರಿಸುವ ಈ ಸಂಕೇತ ಸಿಗದಿದ್ದರೆ ಬಹುಪಾಲು ಮಾನೊಸೈಟ್‌ಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ. ಸಿಕ್ಕರೆ ಬದುಕುತ್ತವೆ, ಬೇರೆಯೇ ಜೀನ್‌ಗಳನ್ನು ಚಾಲೂ ಮಾಡಿಕೊಳ್ಳುತ್ತವೆ. 37 ಡಿಗ್ರಿ ಬಿಸಿ, 5% ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರಿನಲ್ಲಿ ಆರೇಳು ದಿನ ಇಟ್ಟರೆ ದುಂಡಗಿದ್ದ ಕೋಶ ಕಾಲು ಚಾಚಿ ತಳದ ಮೇಲೆ ಹರಡಿಕೊಳ್ಳುತ್ತದೆ. ಆದರೆ ಸಂಖ್ಯೆ ಹೆಚ್ಚುವುದಿಲ್ಲ, ಏಕೆಂದರೆ ಇವು ವಿಭಜನೆಯಾಗುವುದು ತೀರಾ ಕಡಿಮೆ. ಒಂದು ಪ್ರಯೋಗಕ್ಕೆ ಅಷ್ಟೊಂದು ರಕ್ತ ಬೇಕಾಗುವುದು ಅದಕ್ಕೇ.

ನನಗೆ ಬಹಳ ಹಿಡಿಸುವ ಸಂಗತಿ ಇನ್ನೊಂದಿದೆ. ಒಂದೇ ಕೋಶ ಬೇರೆ ಬೇರೆ ನೆರೆಹೊರೆಯಲ್ಲಿ ಬೇರೆ ಬೇರೆಯಾಗಿ ಬೆಳೆಯುತ್ತದೆ. ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ಪ್ರೋಟೀನಿನ ಜೊತೆಗೆ ಬ್ಯಾಕ್ಟೀರಿಯಾದ ಹೊರಗೋಡೆಯ ಚೂರು ಹಾಕಿದರೆ ಕಾದಾಡುವ ಸ್ವಭಾವ ಬರುತ್ತದೆ. ಇಂಟರ್‌ಲ್ಯೂಕಿನ್-4 ಎಂಬ ಇನ್ನೊಂದು ಸಂಕೇತ ಪ್ರೋಟೀನು ಹಾಕಿದರೆ ಗಾಯ ಮಾಗಿಸುವತ್ತ ತಿರುಗುತ್ತದೆ. ಇವು ತಟ್ಟೆಯಲ್ಲಿ ಕಾಣುವ ಎರಡು ತುದಿಗಳು. ದೇಹದಲ್ಲಿ ಇವೆರಡರ ನಡುವಿನ ಎಷ್ಟೋ ಬಗೆಗಳಿವೆ.

ರಕ್ತ ಸಿಗದ ಕಡೆ ಟಿಎಚ್‌ಪಿ-1 ಎಂಬ ಕೋಶಗಳಿವೆ. ಜಪಾನಿನಲ್ಲಿ ರಕ್ತದ ಕ್ಯಾನ್ಸರ್ ಇದ್ದ ಒಂದು ವರ್ಷದ ಗಂಡುಮಗುವಿನಿಂದ ಪಡೆದ ಈ ಕೋಶಗಳ ಬಗ್ಗೆ 1980ರಲ್ಲಿ ವರದಿಯಾಯಿತು. ಇಂದಿಗೂ ಅವು ಪ್ರಪಂಚದ ಪ್ರಯೋಗಾಲಯಗಳಲ್ಲಿ ಬೆಳೆಯುತ್ತಿವೆ. ಆ ಮಗುವಿನ ನೆನಪಿಲ್ಲದೆ ಅವುಗಳನ್ನು ಬಳಸಬಾರದು ಎನಿಸುತ್ತದೆ. ಪಿಎಂಎ ಎಂಬ ರಾಸಾಯನಿಕ ಹಾಕಿದರೆ ಎರಡು ಮೂರು ದಿನದಲ್ಲೇ ಅಂಟಿಕೊಳ್ಳುತ್ತವೆ. ಎಷ್ಟೆಂದರೂ ಅವು ಕ್ಯಾನ್ಸರ್ ಕೋಶಗಳು. ಅವುಗಳಲ್ಲಿ ಕಂಡದ್ದನ್ನು ದಾನಿಗಳ ರಕ್ತದಲ್ಲಿ ಮತ್ತೆ ಪರೀಕ್ಷಿಸಲೇಬೇಕು.

ಇಷ್ಟೆಲ್ಲ ಯಾಕೆ? ಕ್ಷಯದ ಬ್ಯಾಕ್ಟೀರಿಯಾವನ್ನೇ ನೋಡಿ. ತನ್ನನ್ನು ನುಂಗಿದ ಮ್ಯಾಕ್ರೋಫೇಜ್‌ನ ಒಳಗೇ ಅದು ಮನೆ ಮಾಡಿಕೊಳ್ಳುತ್ತದೆ. ಜೀರ್ಣ ಮಾಡುವ ಚೀಲ ತನ್ನೊಡನೆ ಕೂಡದಂತೆ ತಡೆಯುತ್ತದೆ. ಈ ಕಳ್ಳಾಟವನ್ನು ಹಂತಹಂತವಾಗಿ ನೋಡಬೇಕಾದರೆ ತಟ್ಟೆಯ ಮ್ಯಾಕ್ರೋಫೇಜ್ ಬೇಕೇ ಬೇಕು, ಅಲ್ವಾ?

ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಒಂದು ಹೆಜ್ಜೆ ಮುಂದೆ ಹೋದರು. ಯಕೃತ್ತು ಗಡುಸಾಗಿ ಕಲೆಗಟ್ಟುವ ಸಿರೋಸಿಸ್ ಇದ್ದ 9 ಮಂದಿಯ ರಕ್ತದಿಂದ ಮಾನೊಸೈಟ್ ತೆಗೆದು, ಒಂದು ವಾರ ಬೆಳೆಸಿ ಮ್ಯಾಕ್ರೋಫೇಜ್ ಮಾಡಿ, ಯಾರದ್ದು ಅವರಿಗೇ ರಕ್ತನಾಳದ ಮೂಲಕ ಮರಳಿಸಿದರು. ಮುಖ್ಯವಾಗಿ ಸುರಕ್ಷತೆಯನ್ನು ನೋಡಿದ ಆ ಮೊದಲ ಹಂತದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಯಾರಿಗೂ ಗಂಭೀರ ತೊಂದರೆಯಾಗಿರಲಿಲ್ಲ.