ಔಷಧಿ ಅಂಗಡಿಯಲ್ಲಿ ಸಿಗುವ ಔಷಧಿಯಲ್ಲದ ಮಾತ್ರೆ

ಮುಂದಿನ ಸಲ ಮೆಡಿಕಲ್ ಶಾಪ್‌ಗೆ ಹೋದಾಗ ಎರಡು ಕಂಪನಿಯ ವಿಟಮಿನ್ ಮಾತ್ರೆಗಳ ಡಬ್ಬಿ ತೆಗೆದುಕೊಂಡು ಹಿಂಬದಿ ಓದಿ ನೋಡಿ. ಎರಡರಲ್ಲೂ ಬಿ ಕಾಂಪ್ಲೆಕ್ಸ್, ಜಿಂಕ್ ಅಂತಲೇ ಇರಬಹುದು. ಆದರೆ ಒಂದರ ಮೇಲೆ ಔಷಧ ತಯಾರಿಕೆಯ ಲೈಸೆನ್ಸ್ ನಂಬರ್ ಇರುತ್ತದೆ. ಇನ್ನೊಂದರ ಮೇಲೆ, ಬಿಸ್ಕತ್ ಪ್ಯಾಕೆಟ್ಟಿನಲ್ಲಿ ಇರುವಂಥದ್ದೇ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಸಾಲು: ಇದು ಔಷಧಿಯಾಗಿ ಬಳಸಲು ಅಲ್ಲ. ಮಾರೋದು ಮಾತ್ರ ಔಷಧಿ ಅಂಗಡಿಯಲ್ಲಿ!

ಶಕ್ತಿಗೆ ಅಂತ ಏನಾದರೂ ತಿನ್ನುವುದು ನಮಗೆ ಹೊಸದೇನಲ್ಲ. ಚ್ಯವನಪ್ರಾಶ ಹಳೇ ಕಾಲದ ಲೇಹ್ಯ. ಡಾಬರ್ ಕಂಪನಿ 1949ರಲ್ಲಿ ಅದನ್ನು ಡಬ್ಬಿಗೆ ತುಂಬಿ ಮಾರತೊಡಗಿತು. ಆಮೇಲೆ ಟಾನಿಕ್ ಕಾಲ. ಜ್ವರ ಬಿಟ್ಟ ಮೇಲೆ ಚೀಟಿಯ ಕೊನೆಗೆ ಒಂದು ಬಿ ಕಾಂಪ್ಲೆಕ್ಸ್ ಬರೆಯದಿದ್ದರೆ ನಮ್ಮಮ್ಮನಿಗೆ ಆ ಡಾಕ್ಟರ ಮೇಲೆ ನಂಬಿಕೆಯೇ ಬರುತ್ತಿರಲಿಲ್ಲ. ಆಗಿನ್ನೂ ವಿಟಮಿನ್ ಅಂದರೆ ಕಾಯಿಲೆ ಬಿದ್ದವರ ಮಾತ್ರೆ.

ಗಟ್ಟಿಮುಟ್ಟಾಗಿ ಇರುವವರಿಗೂ ಅದನ್ನು ಮಾರಬಹುದು ಅಂತ ತೋರಿಸಿದ್ದು ಜಾಹೀರಾತು. ರಿವೈಟಲ್ ಮಾತ್ರೆಗೆ ಕ್ರಿಕೆಟಿಗ ಯುವರಾಜ್ ಸಿಂಗ್ ಮುಖವಾದರು. 1998ರಲ್ಲಿ ಭಾರತದಲ್ಲಿ ವ್ಯಾಪಾರ ಶುರುಮಾಡಿದ ಆಮ್‌ವೇ ಕಂಪನಿ ಅಂಗಡಿಯನ್ನೇ ಬಿಟ್ಟು, ನೆಂಟರಿಷ್ಟರ ಕೈಯಲ್ಲಿ ಡಬ್ಬಿ ಮಾರಿಸಿತು. ಅಕ್ಕಪಕ್ಕದವರು ಕಾಫಿಗೆ ಕರೆದು ಪ್ರೋಟೀನ್ ಪುಡಿಯ ಮಾತೆತ್ತಿದ ನೆನಪು ನಿಮಗೂ ಇರಬೇಕು, ಅಲ್ವಾ?

ಕಾನೂನು ಹಿಂದೆ ಓಡಿಬಂತು. 2006ರ ಆಹಾರ ಸುರಕ್ಷತಾ ಕಾಯ್ದೆ ಇಂಥ ಮಾತ್ರೆ, ಪುಡಿಗಳನ್ನು ಆಹಾರದ ಸಾಲಿಗೆ ಸೇರಿಸಿತು. ವಿವರವಾದ ನಿಯಮ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2018ರ ಜನವರಿಯಿಂದ. ಡಬ್ಬಿಯ ಮೇಲಿನ ಆ ವಿಚಿತ್ರ ಸಾಲು ಈ ನಿಯಮದ್ದೇ. ಕಂಪನಿಗಳಿಗೆ ಇದರಲ್ಲಿ ಲಾಭವಿದೆ. ಔಷಧಿ ಆದರೆ ಸರ್ಕಾರದ ಬೆಲೆ ನಿಯಂತ್ರಣ ಇರುತ್ತದೆ. ಇಷ್ಟ ಬಂದಷ್ಟು ಏರಿಸುವ ಹಾಗಿಲ್ಲ. ಆಹಾರಕ್ಕೆ ಆ ಲಗಾಮು ಇಲ್ಲ. ನನಗೆ ಕೇಳಿದರೆ, ಇಡೀ ಕಥೆಯ ಗುಟ್ಟು ಇಲ್ಲೇ ಇದೆ.

2020ರಲ್ಲಿ ಕೋವಿಡ್ ಬಂತು. ದಿನಾ ಬೆಳಗ್ಗೆ 10 ಗ್ರಾಂ ಚ್ಯವನಪ್ರಾಶ ತಿನ್ನಿ ಅಂತ ಆಯುಷ್ ಸಚಿವಾಲಯವೇ ಹೇಳಿತು. ವಿಟಮಿನ್ ಸಿ, ಜಿಂಕ್ ಮಾತ್ರೆಗೆ ಜನ ಮುಗಿಬಿದ್ದರು. ಸೋಂಕಿನ ಭಯ ಇಳಿದರೂ ಮಾತ್ರೆಯ ಅಭ್ಯಾಸ ಎಷ್ಟೋ ಮನೆಗಳಲ್ಲಿ ಉಳಿದುಕೊಂಡಿತು. ಈಗ ಮೊಬೈಲಿನಲ್ಲಿ ಒತ್ತಿದರೆ ಮನೆ ಬಾಗಿಲಿಗೇ ಬರುತ್ತದೆ. ಡಾಕ್ಟರ ಚೀಟಿಯೂ ಬೇಡ.

2024ರಲ್ಲಿ ಕೇಂದ್ರ ಸರ್ಕಾರ ಒಂದು ಸಮಿತಿ ಮಾಡಿತು. ಅದರ ಮುಂದೆ ಇಟ್ಟ ಪ್ರಶ್ನೆ: ಈ ಡಬ್ಬಿಗಳನ್ನು ಮತ್ತೆ ಔಷಧ ನಿಯಂತ್ರಕರ ಕೈಗೆ ಕೊಡಬೇಕಾ?