ಡ್ಯೂ ಡೇಟ್‌ಗೆ ಮುಂಚೆಯೇ ಕಟ್ಟಿದ್ದೆ, ಬಡ್ಡಿ ಯಾಕೆ?

ಪ್ರಶ್ನೆ: ಯುರೋಪ್ ಪ್ರವಾಸಕ್ಕೆಂದು ಎಂ.ಜಿ. ರಸ್ತೆಯ ಮನಿ ಚೇಂಜರ್ ಒಬ್ಬರಲ್ಲಿ ಒಂದು ಲಕ್ಷ ರೂಪಾಯಿಗೆ ಯೂರೋ ತಗೊಂಡು ಕ್ರೆಡಿಟ್ ಕಾರ್ಡ್ ಉಜ್ಜಿದೆ. ಬಿಲ್ ನೋಡಿದರೆ ‘ಕ್ಯಾಶ್ ಅಡ್ವಾನ್ಸ್ ಫೀ’ ಅಂತ ₹2,500, ಅದರ ಮೇಲೆ ಬಡ್ಡಿ, ಎಲ್ಲದರ ಮೇಲೆ ಜಿಎಸ್‌ಟಿ. ನಾನು ಎಟಿಎಂ ಬಾಗಿಲಿಗೂ ಹೋಗಿಲ್ಲ. ಇದು ಮೋಸ ಅಲ್ಲವೇ?

ಬೇಸಿಗೆ ರಜೆಗೊಮ್ಮೆ, ದಸರಾ ರಜೆಗೊಮ್ಮೆ ಈ ಪ್ರಶ್ನೆ ತಪ್ಪದೇ ಬರುತ್ತದೆ. ಊರಿನ ಹೆಸರು ಬದಲಾಗುತ್ತದೆ, ಅಂಗಡಿ ಜಯನಗರದ್ದೋ ಇಂದಿರಾನಗರದ್ದೋ ಆಗಿರುತ್ತದೆ, ಸಿಟ್ಟು ಮಾತ್ರ ಅದೇ. ಉತ್ತರವೂ ಅದೇ: ಮೋಸವಲ್ಲ. ನೀವು ಕೊಟ್ಟಿದ್ದು ಕಾರ್ಡ್, ಪಡೆದದ್ದು ನೋಟು. ಬ್ಯಾಂಕಿನ ಕಣ್ಣಿಗೆ ಇದು ಸಾಲ ಮಾಡಿ ನಗದು ತೆಗೆದಂತೆ. ನೋಟಿನ ಮೇಲೆ ಗಾಂಧೀಜಿ ಇದ್ದಾರೋ ಯೂರೋಪಿನ ಸೇತುವೆ ಇದೆಯೋ ಅನ್ನುವುದು ಬ್ಯಾಂಕಿಗೆ ಮುಖ್ಯವಲ್ಲ.

ಬ್ಯಾಂಕಿಗೆ ಇದು ಗೊತ್ತಾಗುವುದು ನಾಲ್ಕು ಅಂಕಿಯ ಒಂದು ಸಂಖ್ಯೆಯಿಂದ. ಪ್ರತಿ ಅಂಗಡಿಯ ಸ್ವೈಪಿಂಗ್ ಮೆಷಿನ್‌ಗೂ ಒಂದು ಮರ್ಚೆಂಟ್ ಕ್ಯಾಟಗರಿ ಕೋಡ್ ಇರುತ್ತದೆ. ಎಟಿಎಂಗೆ 6011, ಬ್ಯಾಂಕ್ ಕೌಂಟರಿನಲ್ಲಿ ಕೊಡುವ ನಗದಿಗೆ 6010, ವಿದೇಶಿ ಹಣ ಮಾರುವವರಿಗೆ 6051. ಈ ಕೊನೆಯದನ್ನು ಬ್ಯಾಂಕಿನವರು ‘ಕ್ವಾಸಿ ಕ್ಯಾಶ್’, ಅಂದರೆ ನಗದಿಗೆ ಸಮ, ಅನ್ನುತ್ತಾರೆ. ಮೆಷಿನ್ ಈ ಕೋಡ್ ಕಳಿಸಿದರೆ ಸಾಕು, ನಿಮ್ಮ ಬ್ಯಾಂಕಿನ ಕಂಪ್ಯೂಟರ್ ಅದನ್ನು ನಗದಿನ ಪಟ್ಟಿಗೆ ಸೇರಿಸಬಹುದು. ಅಂಗಡಿಯವನು ಒಳ್ಳೆಯವನೋ ಕೆಟ್ಟವನೋ ಅನ್ನುವ ಪ್ರಶ್ನೆಯೇ ಇಲ್ಲ.

‘3.5% ಫಾರಿನ್ ಮಾರ್ಕಪ್ ಬಿತ್ತೇನೋ’ ಅಂತ ಕೆಲವರ ಊಹೆ. ಅದೂ ತಪ್ಪು. ಮಾರ್ಕಪ್ ಅನ್ನುವ ಹೆಚ್ಚುವರಿ ಶುಲ್ಕ ಬೀಳುವುದು ವಿದೇಶದ ವ್ಯಾಪಾರಿಗೆ ಕಾರ್ಡ್ ಕೊಟ್ಟಾಗ. ಎಂ.ಜಿ. ರಸ್ತೆಯಲ್ಲಿ ಬಿಲ್ ಆಗಿದ್ದು ರೂಪಾಯಿಯಲ್ಲಿ.

ಈಗ ಎಷ್ಟು ಹೇಳಿದರೂ ಸಾಯದ ನಂಬಿಕೆಗೆ ಬರೋಣ: ‘ಡ್ಯೂ ಡೇಟ್ ಒಳಗೆ ಪೂರ್ತಿ ಕಟ್ಟಿಬಿಟ್ಟರೆ ಬಡ್ಡಿ ಬರಲ್ಲ.’ ದುಬಾರಿ ಟಿವಿ ಕೊಂಡರೆ, ಪೆಟ್ರೋಲ್ ಹಾಕಿಸಿದರೆ, ಹೋಟೆಲಿನಲ್ಲಿ ಉಂಡರೆ ಇದು ನಿಜ. ಕೊಳ್ಳುವಿಕೆಗೆ ಸಿಗುವ ಆ ಗರಿಷ್ಠ 45–50 ದಿನಗಳ ಬಡ್ಡಿರಹಿತ ಅವಧಿ ನಗದಿಗೆ ಒಂದು ದಿನವೂ ಇಲ್ಲ. ಉಜ್ಜಿದ ದಿನದಿಂದಲೇ ಮೀಟರ್ ಓಡುತ್ತದೆ, ನೀವು ಕಟ್ಟುವ ದಿನ ನಿಲ್ಲುತ್ತದೆ. ಡ್ಯೂ ಡೇಟ್ ಅನ್ನುವುದು ಇಲ್ಲಿ ಲೇಟ್ ಫೀ ತಪ್ಪಿಸಲು ಮಾತ್ರ.

ನಂಬಿಕೆ ಬರದಿದ್ದರೆ ಲೆಕ್ಕ ಹಾಕಿ. ಶುಲ್ಕ 2.5%, ಬಡ್ಡಿ ತಿಂಗಳಿಗೆ 3.5% ಅಂದುಕೊಳ್ಳೋಣ, ಬಹಳಷ್ಟು ಕಾರ್ಡುಗಳು ಇದರ ಆಸುಪಾಸಿನಲ್ಲೇ ಇವೆ. ವರ್ಷಕ್ಕೆ 42%. ಮಾರ್ಚ್ 5ಕ್ಕೆ ಒಂದು ಲಕ್ಷ ಉಜ್ಜಿದಿರಿ, ಬಿಲ್ ಮಾರ್ಚ್ 20ಕ್ಕೆ, ಕೊನೆಯ ದಿನ ಏಪ್ರಿಲ್ 10. ಅಚ್ಚುಕಟ್ಟಾಗಿ ಏಪ್ರಿಲ್ 10ಕ್ಕೇ ಕಟ್ಟಿದಿರಿ. 36 ದಿನದ ಬಡ್ಡಿ ₹4,142. ಶುಲ್ಕ ₹2,500. ಎರಡರ ಮೇಲೂ 18% ಜಿಎಸ್‌ಟಿ ₹1,196. ಒಟ್ಟು ₹7,838. ಬಿಲ್ ಬರುವವರೆಗೂ ಕಾಯದೆ ಮಾರನೇ ದಿನವೇ ಒಂದು ಲಕ್ಷ ಕಟ್ಟಿದ್ದರೆ? ಬಡ್ಡಿ ₹115ಕ್ಕೆ ಇಳಿಯುತ್ತದೆ, ಶುಲ್ಕ ಹಾಗೇ ಇರುತ್ತದೆ, ಜಿಎಸ್‌ಟಿ ಸೇರಿ ಸುಮಾರು ₹3,086. ಶಿಸ್ತಾಗಿ ಡ್ಯೂ ಡೇಟ್ ಕಾದವರಿಗೇ ಹೆಚ್ಚು ಪೆಟ್ಟು.

ಇದರ ಬಾಲವೂ ಒಂದಿದೆ. ಮಾರ್ಚ್ 20ರ ಬಿಲ್‌ನಲ್ಲಿ ಕಾಣುವುದು ಅಲ್ಲಿಯವರೆಗಿನ 15 ದಿನದ ಬಡ್ಡಿ ಮಾತ್ರ. ಉಳಿದ 21 ದಿನದ್ದು ಏಪ್ರಿಲ್ ಬಿಲ್‌ನಲ್ಲಿ ತಲೆ ಎತ್ತುತ್ತದೆ. ‘ಎಲ್ಲ ಕಟ್ಟಿದ ಮೇಲೂ ಮತ್ತೆ ಬಡ್ಡಿ ಹಾಕಿದ್ದಾರೆ’ ಎಂಬ ಎರಡನೇ ಸುತ್ತಿನ ದೂರಿನ ಮೂಲ ಇದು. ಅದು ಹೊಸ ಬಡ್ಡಿ ಅಲ್ಲ, ಹಳೆಯದರ ಉಳಿಕೆ.

‘ನನ್ನ ಆಫೀಸಿನವರು ಹೋದ ವರ್ಷ ಹೀಗೇ ಮಾಡಿದರು, ಅವರಿಗೆ ಒಂದು ರೂಪಾಯಿಯೂ ಬೀಳಲಿಲ್ಲ.’ ಇದೂ ನಿಜ ಇರಬಹುದು, ಅದಕ್ಕೇ ಈ ನಂಬಿಕೆಗೆ ಇಷ್ಟು ಆಯುಸ್ಸು. ಅವರು ಹೋದ ಅಂಗಡಿಯ ಮೆಷಿನ್ ಟ್ರಾವೆಲ್ ಏಜೆನ್ಸಿಯ ಕೋಡಿನಲ್ಲಿ ನೋಂದಣಿಯಾಗಿರಬಹುದು. ಇಲ್ಲವೇ ಅವರ ಬ್ಯಾಂಕ್ 6051 ಅನ್ನು ಮಾಮೂಲಿ ಖರೀದಿಯಂತೆ ನೋಡುತ್ತಿರಬಹುದು. ಅಂಗಡಿ ಬೇರೆ, ಕಾರ್ಡ್ ಬೇರೆ, ಫಲವೂ ಬೇರೆ. ಚಾರ್ಜ್ ಸ್ಲಿಪ್‌ನಲ್ಲಿ ಈ ಕೋಡ್ ಸಾಮಾನ್ಯವಾಗಿ ಅಚ್ಚಾಗುವುದಿಲ್ಲ, ಹಾಗಾಗಿ ಉಜ್ಜಿದ ಮೇಲೆ ನೋಡಿಯೂ ಪ್ರಯೋಜನವಿಲ್ಲ. ಸಣ್ಣ ಮೊತ್ತ ಉಜ್ಜಿ ಪರೀಕ್ಷೆ ಮಾಡುತ್ತೇನೆ ಅನ್ನಬೇಡಿ: ಕನಿಷ್ಠ ಶುಲ್ಕವೇ ಸಾಮಾನ್ಯವಾಗಿ ₹500 ಇರುತ್ತದೆ. ಕಾರ್ಡಿನ ಎಂಐಟಿಸಿ (ಮುಖ್ಯ ನಿಯಮ-ಷರತ್ತುಗಳ ಪಟ್ಟಿ) ಎಂಬ ಕಡತ ಬ್ಯಾಂಕಿನ ವೆಬ್‌ಸೈಟ್‌ನಲ್ಲಿದೆ. ಅದರಲ್ಲಿ ಕ್ಯಾಶ್ ಅಡ್ವಾನ್ಸ್ ಭಾಗ ತೆರೆದು ‘ಕ್ವಾಸಿ ಕ್ಯಾಶ್’ ಅಥವಾ ‘ಫಾರಿನ್ ಕರೆನ್ಸಿ’ ಎಂಬ ಪದ ಹುಡುಕಿ. ಇದ್ದರೆ ಕಾರ್ಡ್ ಜೇಬಿನಲ್ಲೇ ಇರಲಿ.

ಕಾರ್ಡಿಗೆ ಮೊದಲೇ ಹೆಚ್ಚುವರಿ ಹಣ ತುಂಬಿ ಉಜ್ಜುವ ಜಾಣರಿದ್ದಾರೆ. ಸಾಲವೇ ಇಲ್ಲದ್ದರಿಂದ ಬಡ್ಡಿ ತಪ್ಪಬಹುದು, ಶುಲ್ಕ ತಪ್ಪುವುದಿಲ್ಲ. ಇನ್ನು ಕಾರ್ಡಿನ ಕ್ಯಾಶ್ ಲಿಮಿಟ್ ಒಟ್ಟು ಲಿಮಿಟ್‌ನ ಒಂದು ಭಾಗ ಮಾತ್ರ. ಮೂರು ಲಕ್ಷದ ಕಾರ್ಡ್ ಒಂದು ಲಕ್ಷಕ್ಕೇ ‘ಡಿಕ್ಲೈನ್ಡ್’ ಅಂದರೆ ಕಾರಣ ಅದು. ನಿಮ್ಮ ಅದೃಷ್ಟ ಚೆನ್ನಾಗಿದೆ ಅಂದುಕೊಳ್ಳಿ.

ಹಾಗಾದರೆ ಹೇಗೆ ಕೊಡಬೇಕು? ನಿಮ್ಮದೇ ಖಾತೆಯಿಂದ ಎನ್‌ಇಎಫ್‌ಟಿ, ಚೆಕ್ ಅಥವಾ ಡೆಬಿಟ್ ಕಾರ್ಡ್. ರೂಪಾಯಿ ನೋಟು ಎಣಿಸಿ ಕೊಡುವುದಾದರೆ ₹50,000ಕ್ಕಿಂತ ಕಡಿಮೆ ಮೊತ್ತಕ್ಕೆ ಮಾತ್ರ. ಅದಕ್ಕೆ ಮೇಲಾದರೆ ಪೂರ್ತಿ ಮೊತ್ತವೇ ಬ್ಯಾಂಕ್ ಮೂಲಕ ಹೋಗಬೇಕು, ಅರ್ಧ ನಗದು ಅರ್ಧ ಚೆಕ್ ನಡೆಯದು. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್, ವೀಸಾ ಒಯ್ಯಿರಿ. ಕರೆನ್ಸಿ ಕೊಳ್ಳುವುದಕ್ಕೆ ನ್ಯಾಯವಾಗಿ ಬೀಳುವ ಜಿಎಸ್‌ಟಿ ಒಂದು ಲಕ್ಷಕ್ಕೆ ಬರೀ ₹180 (ಎಷ್ಟೇ ಚಿಕ್ಕ ಮೊತ್ತವಾದರೂ ಕನಿಷ್ಠ ₹45). ಟಿಸಿಎಸ್ (ಮಾರುವವರೇ ಮುಂಗಡವಾಗಿ ಹಿಡಿಯುವ ಆದಾಯ ತೆರಿಗೆ) ಭಯ ಬೇಡ. 2025ರ ಏಪ್ರಿಲ್‌ನಿಂದ, ಆರ್ಥಿಕ ವರ್ಷದಲ್ಲಿ ಹತ್ತು ಲಕ್ಷ ದಾಟಿದ ಮೇಲಿನ ಮಾತು ಅದು. ‘ಜೀರೋ ಕಮಿಷನ್’ ಬೋರ್ಡ್ ನೋಡಿ ಕರಗಬೇಡಿ, ಅವರ ಲಾಭ ದರದೊಳಗೇ ಕೂತಿರುತ್ತದೆ. ಒಂದು ಲಕ್ಷ ಕೊಟ್ಟರೆ ಕೈಗೆ ಎಷ್ಟು ಯೂರೋ ಎಂದಷ್ಟೇ ಎರಡು ಮೂರು ಕಡೆ ಫೋನ್ ಮಾಡಿ ಕೇಳಿ. ದೇವನಹಳ್ಳಿ ವಿಮಾನ ನಿಲ್ದಾಣ ತಲುಪಿದ ಮೇಲೆ ಕೇಳಿದರೆ ಚೌಕಾಸಿಗೆ ದಾರಿಯೇ ಇರುವುದಿಲ್ಲ.

ಯಾರೂ ಕೇಳದಿದ್ದರೂ ಇದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಅರ್ಧ ನಷ್ಟ ಆಗುವುದು ವಾಪಸ್ ಬಂದ ಮೇಲೆ. ಉಳಿದ ನೋಟು ಬೀರುವಿನಲ್ಲಿ ಎಷ್ಟು ದಿನ ಇಡಬಹುದು? 2,000 ಡಾಲರ್ ಮೌಲ್ಯದವರೆಗೆ ಎಷ್ಟು ದಿನ ಬೇಕಾದರೂ. ಅದಕ್ಕೆ ಮೇಲಿನದನ್ನು ಬಂದ 180 ದಿನದೊಳಗೆ ಒಪ್ಪಿಸಬೇಕು. ಮಾರಲು ಹೋದಾಗ ನಿಮಗೆ ಸಿಗುವುದು ಅವರ ‘ಬೈಯಿಂಗ್’ ದರ, ನೀವು ಕೊಂಡಿದ್ದು ‘ಸೆಲ್ಲಿಂಗ್’ ದರದಲ್ಲಿ. ನಡುವಿನ ಅಂತರ ನಿಮ್ಮದೇ ಜೇಬಿನಿಂದ. ಕೊಂಡಾಗಿನ ರಸೀದಿ ಎತ್ತಿಡಿ, ಅದೇ ಅಂಗಡಿಗೆ ಹೋದರೆ ದರ ಮಾತಾಡಲು ಅನುಕೂಲ. ಹರಿದ, ಗೀಚಿದ ನೋಟಿಗೆ ಕಡಿಮೆ ದರ ಹೇಳುತ್ತಾರೆ. ನಾಣ್ಯಗಳನ್ನಂತೂ ಮುಟ್ಟುವುದೇ ಇಲ್ಲ, ಅವನ್ನು ಅಲ್ಲಿಯ ವಿಮಾನ ನಿಲ್ದಾಣದಲ್ಲೇ ಒಂದು ಕಾಫಿಗೆ ಖರ್ಚು ಮಾಡಿ ಬನ್ನಿ.