ಎಡಿಎಚ್‌ಡಿಯೋ ಖಿನ್ನತೆಯೋ: ಮೊದಲು ಬಂದದ್ದು ಯಾವುದು?

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಇಂಥವರೊಬ್ಬರು ಇರುವುದುಂಟು. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳು ಗಬಗಬನೆ ಸೊಪ್ಪು ತಿನ್ನುವ ಆ ವಾರದಲ್ಲಿ ಅವರಷ್ಟು ದುಡಿಯುವವರು ಮನೆಯಲ್ಲಿ ಇನ್ನೊಬ್ಬರಿಲ್ಲ. ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟಿಗೆ ಬಿಡುವ ರಾತ್ರಿ ಅವರಿಗೆ ನಿದ್ದೆಯೇ ಬೇಡ. ಗೂಡು ಮಾರಿ ಬಂದ ಮೇಲೆ ಸಾಕಣೆ ಮನೆ ತೊಳೆದು, ಬ್ಲೀಚಿಂಗ್ ಪುಡಿಯ ದ್ರಾವಣ ಹೊಡೆಯುವ ಕೆಲಸ ಮಾತ್ರ ಇವತ್ತು ನಾಳೆ ಎನ್ನುತ್ತಾ ಉಳಿದುಬಿಡುತ್ತದೆ. ಮುಂದಿನ ಬೆಳೆಗೆ ರೋಗ ತಗುಲಿ ಸಾಲ ಏರುತ್ತದೆ. ಮನೆಯವರು ‘ಸೋಮಾರಿ’ ಎನ್ನುತ್ತಾರೆ. ಹೀಗೇ ಎರಡು ಮೂರು ವರ್ಷ ಕಳೆದರೆ ಮನಸ್ಸು ಕುಗ್ಗುತ್ತದೆ, ನಿದ್ದೆ ಕೆಡುತ್ತದೆ. ವೈದ್ಯರ ಚೀಟಿಯಲ್ಲಿ ‘ಖಿನ್ನತೆ’ ಎಂದು ಬರುತ್ತದೆ. ಆ ಹೆಸರು ಸರಿಯೇ ಇರಬಹುದು. ಅದರ ಅಡಿಯಲ್ಲಿ ಬಾಲ್ಯದಿಂದಲೂ ಇದ್ದ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಚಡಪಡಿಕೆಯ ತೊಂದರೆಯ ಬಗ್ಗೆ ಯಾರೂ ವಿಚಾರಿಸಿರುವುದಿಲ್ಲ.

ಎಡಿಎಚ್‌ಡಿ ಇರುವ ಮಿದುಳಿಗೆ ಕೆಲಸ ಗೊತ್ತಿರುತ್ತದೆ. ಅದನ್ನು ಶುರು ಮಾಡುವುದು, ಹಿಡಿದುಕೊಂಡಿರುವುದು, ಬೇಕಾದಾಗ ಬಿಡುವುದು ಕಷ್ಟ. ಅವಸರವೋ ಹೊಸತನವೋ ಇದ್ದರೆ ಗಮನ ತಾನಾಗಿ ಕೂರುತ್ತದೆ, ಬೇಸರದ ಕೆಲಸಕ್ಕೆ ಕೂರುವುದಿಲ್ಲ. ಮನೋರೋಗ ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ 17 ತುಂಬಿದವರಲ್ಲಿ ಗಮನಕ್ಕೆ ಸಂಬಂಧಿಸಿದ 9 ಲಕ್ಷಣಗಳಲ್ಲೋ ಚಡಪಡಿಕೆ-ದುಡುಕಿನ 9ರಲ್ಲೋ ಕನಿಷ್ಠ 5 ಇರಬೇಕು. ಅವು 6 ತಿಂಗಳಾದರೂ ಕಾಡಿರಬೇಕು, ಮನೆ ಮತ್ತು ಕೆಲಸದಂಥ ಎರಡು ಕಡೆಯಾದರೂ ಕಾಣಬೇಕು, ಕೆಲವಾದರೂ 12 ವರ್ಷಕ್ಕೆ ಮೊದಲೇ ಇದ್ದಿರಬೇಕು. ಈ ಕೊನೆಯ ಷರತ್ತೇ ಎಲ್ಲಕ್ಕಿಂತ ಮುಖ್ಯ ಎಂಬುದು ನಮ್ಮ ಅಭಿಪ್ರಾಯ. 30ನೇ ವಯಸ್ಸಿನಲ್ಲಿ ಹೊಸದಾಗಿ ಮರೆವು ಶುರುವಾಗಿದ್ದರೆ ಮೊದಲು ನಿದ್ದೆ, ಥೈರಾಯ್ಡ್, ರಕ್ತಹೀನತೆ, ವಿಟಮಿನ್ ಬಿ12, ಖಿನ್ನತೆ ಇವನ್ನು ನೋಡಬೇಕು.

ಆದ್ದರಿಂದ ವೈದ್ಯರ ಬಳಿ ಹೋಗುವ ಮುನ್ನ ಒಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ವಯಸ್ಸು ಬರೆಯಿರಿ: ಪ್ರಾಥಮಿಕ ಶಾಲೆ, ಹೈಸ್ಕೂಲು, ಪಿಯುಸಿ, ಕೆಲಸ, ಮದುವೆ. ಎದುರಿಗೆ ಮೂರು ಕಾಲಂ ಇರಲಿ: ಗಮನ, ಮನಸ್ಸಿನ ಸ್ಥಿತಿ, ನಿದ್ದೆ. ಅಮ್ಮನನ್ನೋ ಅಕ್ಕನನ್ನೋ ಕೂರಿಸಿಕೊಂಡು ತುಂಬಿ. ನಿಮ್ಮ ನೆನಪನ್ನೊಂದೇ ನಂಬಬೇಡಿ. ಹಳೆಯ ಅಂಕಪಟ್ಟಿಯಲ್ಲಿ ಮೇಷ್ಟ್ರು ‘ಬುದ್ಧಿ ಇದೆ, ಗಮನವಿಲ್ಲ’ ಎಂದು ಬರೆದಿದ್ದರೆ ಅದನ್ನೂ ಜೊತೆಗೆ ಒಯ್ಯಿರಿ. ಗಮನದ ಕಾಲಂ ಮೊದಲಿನಿಂದ ಕೊನೆಯವರೆಗೆ ತುಂಬಿದ್ದು, ಮನಸ್ಸಿನ ಕಾಲಂ ನಡುನಡುವೆ ಮಾತ್ರ ಕಪ್ಪಾಗಿದ್ದರೆ ವೈದ್ಯರಿಗೆ ಅರ್ಧ ದಾರಿ ತೋರಿದಂತೆ.

ಖಿನ್ನತೆಯಲ್ಲಿ ಇಷ್ಟದ ಕೆಲಸವೂ ರುಚಿ ಕಳೆದುಕೊಳ್ಳುತ್ತದೆ. ಎಡಿಎಚ್‌ಡಿಯಲ್ಲಿ ಆಸೆ ಜೀವಂತವಾಗಿರುತ್ತದೆ, ಕೈ ಮಾತ್ರ ಏಳುವುದಿಲ್ಲ. ಮನಸ್ಸು ಸರದಿಯಂತೆ ಉಬ್ಬಿ ಕುಗ್ಗುವ ಬೈಪೋಲಾರ್ ಕಾಯಿಲೆಯಲ್ಲಿ ಉಬ್ಬರ ದಿನಗಟ್ಟಲೆ ಇರುತ್ತದೆ, ಮೂರು ಗಂಟೆ ಮಲಗಿದರೂ ದಣಿವೇ ಇರುವುದಿಲ್ಲ, ಆಮೇಲೆ ಇಳಿಯುತ್ತದೆ. ಎಡಿಎಚ್‌ಡಿಗೆ ಹಾಗೆ ಬಂದುಹೋಗುವ ಗುಣವಿಲ್ಲ.

ಆತಂಕದ ವಿಷಯ ಇನ್ನೂ ಸೂಕ್ಷ್ಮ. ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವ ಒಬ್ಬರು ತಪ್ಪಿಹೋದೀತೆಂಬ ಭಯಕ್ಕೆ ಮುಕ್ಕಾಲು ಗಂಟೆ ಮುಂಚೆಯೇ ಸ್ಟೇಷನ್‌ನಲ್ಲಿರುತ್ತಾರೆ ಎಂದುಕೊಳ್ಳಿ. ಪಾಸು ಜೇಬಿನಲ್ಲಿದೆಯೇ ಎಂದು ನಾಲ್ಕು ಸಲ ಮುಟ್ಟಿ ನೋಡುತ್ತಾರೆ. ಹೊರಗಿನಿಂದ ನೋಡಿದರೆ ಶಿಸ್ತಿನ ಮನುಷ್ಯ. ಒಳಗೆ ಮರೆವಿಗೆ ಆತಂಕವೇ ಕಾವಲು ಕೂತಿದೆ. ಆತಂಕಕ್ಕೆ ಚಿಕಿತ್ಸೆ ಕೊಟ್ಟರೆ ಎದೆಬಡಿತ ತಗ್ಗುತ್ತದೆ, ಜೊತೆಗೇ ರೈಲು ತಪ್ಪುವುದು, ಬಿಲ್ ಮರೆಯುವುದು ಶುರುವಾಗುತ್ತದೆ. ‘ಮಾತ್ರೆಯಿಂದಲೇ ಬುದ್ಧಿ ಮಂಕಾಯಿತು’ ಎಂದು ಎಷ್ಟೋ ಜನ ಔಷಧ ಬಿಡುವುದು ಇಂಥ ಹೊತ್ತಿನಲ್ಲೇ. ಬಿಡುವ ಬದಲು ಅದನ್ನೇ ವೈದ್ಯರಿಗೆ ಹೇಳಬೇಕು.

ಎಡಿಎಚ್‌ಡಿಯ ಜೊತೆ ಇಂಥ ಇನ್ನೊಂದು ತೊಂದರೆಯೂ ಇದ್ದಾಗ ಸಾಮಾನ್ಯವಾಗಿ ಹೆಚ್ಚು ಅಪಾಯದ್ದಕ್ಕೆ ಮೊದಲು ಚಿಕಿತ್ಸೆ. ಸಾಯುವ ಯೋಚನೆ ಬರುತ್ತಿದ್ದರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಬೈಪೋಲಾರ್ ಇದ್ದರೆ ಮೊದಲು ಮನಸ್ಸಿನ ಏರಿಳಿತ ಹಿಡಿತಕ್ಕೆ ಬರಬೇಕು, ಇಲ್ಲದಿದ್ದರೆ ಎಡಿಎಚ್‌ಡಿಯ ಮಾತ್ರೆ ಉಬ್ಬರವನ್ನು ಕೆರಳಿಸಬಹುದು.

ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ನಮ್ಮ ಔಷಧ ನಿಯಮಗಳ ‘ಎಕ್ಸ್’ ಅನುಸೂಚಿಯಲ್ಲಿದೆ. ಚೀಟಿ ಎರಡು ಪ್ರತಿ ಬೇಕು, ಒಂದು ಅಂಗಡಿಯಲ್ಲೇ ಉಳಿಯುತ್ತದೆ. ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕಾದ್ದರಿಂದ ಎಲ್ಲ ಮೆಡಿಕಲ್ ಸ್ಟೋರಿನಲ್ಲೂ ಸಿಗುವುದಿಲ್ಲ. ಮಾತ್ರೆ ಮುಗಿಯಲು ವಾರ ಇರುವಾಗಲೇ ಹುಡುಕಲು ಹೊರಡಿ. ಎಡಿಎಚ್‌ಡಿಯ ಇನ್ನೊಂದು ಔಷಧ ಆಟೊಮಾಕ್ಸಿಟೀನ್‌ಗೆ ಈ ತೊಡಕಿಲ್ಲ, ಆದರೆ ಪೂರ್ತಿ ಫಲ ಕಾಣಲು ವಾರಗಟ್ಟಲೆ ಬೇಕು. ಇಲ್ಲೊಂದು ಗುಂಡಿ ಇದೆ. ಖಿನ್ನತೆಗೆ ಕೊಡುವ ಫ್ಲುಯಾಕ್ಸೆಟಿನ್, ಪ್ಯಾರಾಕ್ಸೆಟಿನ್ ಎರಡೂ ಯಕೃತ್ತಿನ ಸಿವೈಪಿ2ಡಿ6 ಕಿಣ್ವವನ್ನು ತಡೆಯುತ್ತವೆ. ಆಟೊಮಾಕ್ಸಿಟೀನ್ ಕರಗುವುದು ಅದೇ ಕಿಣ್ವದಿಂದ. ಹಾಗಾಗಿ ರಕ್ತದಲ್ಲಿ ಅದರ ಮಟ್ಟ ಏರಿ ಎದೆ ಡವಡವ ಎನ್ನಬಹುದು, ರೋಗಿ ಅದನ್ನು ಆತಂಕ ಎಂದುಕೊಳ್ಳಬಹುದು. ಇಂಥವರಲ್ಲಿ ವಯಸ್ಕರಿಗೆ ದಿನಕ್ಕೆ 40 ಮಿಲಿಗ್ರಾಂನಿಂದ ಶುರು ಮಾಡಿ, ನಾಲ್ಕು ವಾರ ಕಾದು, ಲಕ್ಷಣ ತಗ್ಗದಿದ್ದು ಔಷಧ ಮೈಗೆ ಒಗ್ಗಿದ್ದರೆ ಮಾತ್ರ ಏರಿಸುತ್ತಾರೆ. ಬೇರೆ ಬೇರೆ ವೈದ್ಯರ ಚೀಟಿಗಳನ್ನು ಒಂದೇ ಕವರಿನಲ್ಲಿಟ್ಟು ಪ್ರತಿ ಸಲವೂ ತೋರಿಸಿ. ನಾಡಿ, ಬಿಪಿ, ತೂಕ ನೋಡದೆ ಎದ್ದು ಬರಬೇಡಿ.

ಮಾತ್ರೆ ಮರೆಯುವುದೂ ಈ ತೊಂದರೆಯದೇ ಭಾಗ. ಅದಕ್ಕಿಂತ ಕೆಟ್ಟದ್ದು ‘ತಗೊಂಡೆನೋ ಇಲ್ಲವೋ’ ಎಂದು ಇನ್ನೊಮ್ಮೆ ನುಂಗುವುದು. ಬೈಪೋಲಾರ್‌ಗೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರಿಗೆ ಇದು ವಿಷವಾಗಬಲ್ಲದು, ಅದರಲ್ಲೂ ಕೋಲಾರದ ಬಿಸಿಲಿಗೆ ಬೆವರಿ ಮೈಯ ನೀರು ಬತ್ತಿದಾಗ. ಏಳು ಖಾನೆಯ ಡಬ್ಬಿಯನ್ನು ಭಾನುವಾರ ಸಂಜೆ ತುಂಬಿ ಕಾಫಿಪುಡಿ ಡಬ್ಬದ ಪಕ್ಕ ಇಡಿ. ಖಾನೆ ಖಾಲಿ ಇದ್ದರೆ ತಗೊಂಡಾಗಿದೆ. ಬೀರುವಿನೊಳಗಿಟ್ಟರೆ ಅದು ಇಲ್ಲವೇ ಇಲ್ಲ ಎಂದು ತಿಳಿಯಿರಿ. ಚಿಕ್ಕ ಮಕ್ಕಳಿದ್ದರೆ ಕೈಗೆಟುಕದ, ಕಣ್ಣಿಗೆ ಕಾಣುವ ಎತ್ತರ ಹುಡುಕಿ.

ಇನ್ನು ಆ ಸಾಕಣೆ ಮನೆ. ‘ಈ ವಾರ ತೊಳೆಯಬೇಕು’ ಎಂದರೆ ಅದು ತೊಳೆಯಲ್ಪಡುವುದಿಲ್ಲ. ಗೂಡು ಮಾರಿದ ಮರುದಿನ ಬೆಳಿಗ್ಗೆ ಏಳಕ್ಕೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಬೇಕು. ಬ್ಲೀಚಿಂಗ್ ಪುಡಿಯನ್ನು ಮಾರುಕಟ್ಟೆಯಿಂದ ಬರುವಾಗಲೇ ತಂದು ಬಾಗಿಲಿಗೆ ಅಡ್ಡವಾಗಿ ಇಡಬೇಕು. ತಮ್ಮನೋ ಭಾವನೋ ಬಂದು ಪಕ್ಕದಲ್ಲಿ ನಿಲ್ಲಲಿ. ಕೆಲಸ ಮಾಡಬೇಕೆಂದೇನಿಲ್ಲ, ಚಂದ್ರಿಕೆ ಒಣಗಲು ಹಾಕುತ್ತಾ ಮಾತಾಡಿಕೊಂಡಿದ್ದರೂ ಸಾಕು. ಮೊದಲು ತಟ್ಟೆಗಳು, ಆಮೇಲೆ ಗೋಡೆ, ಆಮೇಲೆ ನೆಲ. ತಟ್ಟೆ ಮುಗಿದಾಗ ಒಂದು ಲೋಟ ಟೀ.